ಮರಳಿ ಬಂದವರಿಗೆ ನೆಲೆಯಾದ ದೊರೆ: ಕೊಡಗಿನ ದೊಡ್ಡ ವೀರರಾಜೇಂದ್ರ

ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಕಣ್ಣಾರೆ ಕಂಡವರು ಅದರ ಪತನದ ಕಥೆಯನ್ನು ಮರೆಯಲಾರರು. ಹೊಳಲ್ಕೆರೆಯ ನಾಯಕತನದಿಂದ ತೊಡಗಿ, ಹಿರಿಯೂರಿನ ನಾಯಕತನವನ್ನು ಪಡೆದು, ಕೊನೆಗೆ ದುರ್ಗದಲ್ಲಿ ನೆಲೆನಿಂತ ತಿಮ್ಮಣ್ಣ ನಾಯಕನ ಮನೆತನವು, ೧೬೭೫ರಲ್ಲಿ ಹೊಸದುರ್ಗದ ಬೆಟ್ಟದ ಮೇಲೆ ಕೋಟೆ ಕಟ್ಟಿಸಿದ ಚಿಕ್ಕಣ್ಣ ನಾಯಕನ ಮನೆತನವು, ೧೭೭೯ರಲ್ಲಿ ಹೈದರಾಲಿಯ ಕೈಯಲ್ಲಿ ರಾಜ್ಯವನ್ನು ಕಳೆದುಕೊಂಡಿತು. ಕಡೆಯ ಮದಕರಿ ನಾಯಕನು ಪರಿವಾರಸಮೇತನಾಗಿ ಶ್ರೀರಂಗಪಟ್ಟಣದ ಸೆರೆಗೆ ಸಂದನು. ಇಷ್ಟನ್ನು ನಮ್ಮ ಶಾಲೆಗಳ ಮಕ್ಕಳೂ ಬಲ್ಲರು. ಆದರೆ ಅರಸನ ಹಿಂದೆ ನಡೆದುಹೋದ ಜನರ ಕಥೆಯನ್ನು ಬಲ್ಲವರು ಕಡಮೆ. ದುರ್ಗದ ಸುತ್ತಿನ ಬೇಡರಲ್ಲಿ ಸುಮಾರು ಇಪ್ಪತ್ತು ಸಾವಿರ ಮಂದಿಯನ್ನು ಹೈದರನು ಎಬ್ಬಿಸಿ ಕಾವೇರಿಯ ನಡುಗಡ್ಡೆಯಲ್ಲಿ ನೆಲೆಗೊಳಿಸಿದನೆಂದೂ, ಅವರ ಪ್ರಾಯದ ಹುಡುಗರನ್ನು ಮತಾಂತರಗೊಳಿಸಿ ಚೇಲಾ ಎಂಬ ಹೆಸರಿನ ದಳಗಳಲ್ಲಿ ಸೇರಿಸಿದನೆಂದೂ ಮೈಸೂರಿನ ಚರಿತ್ರೆಗಳು ತಿಳಿಸುತ್ತವೆ. ತಾಯಿಯ ಮಡಿಲಿನಿಂದ ಕಿತ್ತು ತಂದ ಬಾಲಕನು ದೊರೆಯ ಸೊತ್ತಾಗಿ ಬೆಳೆದು, ದೊರೆಯ ಹಗೆಯೊಡನೆ ಹೋರಾಡಬೇಕಾದುದು ಆ ದಳಗಳ ನಿಯಮವಾಗಿತ್ತು.

ಮುಂದೆ ಆ ನಡುಗಡ್ಡೆಯ ಸೆರೆಯ ಬಾಗಿಲು ಸಡಿಲವಾದಾಗ ದುರ್ಗದವರಿಗೆ ತಮ್ಮವರೆಂದು ಕರೆದು ಸೇರಿಸಿಕೊಳ್ಳುವ ಅರಸನಿರಲಿಲ್ಲ. ಅದೇ ಸೆರೆಯಲ್ಲಿದ್ದ ಮತ್ತೊಂದು ನಾಡಿನವರಿಗೆ ಅಂಥ ಅರಸನೊಬ್ಬನಿದ್ದನು. ಅವನೇ ಕೊಡಗಿನ ದೊಡ್ಡ ವೀರರಾಜೇಂದ್ರ ಒಡೆಯ. ಸೆರೆಯಿಂದ ತಪ್ಪಿಸಿಕೊಳ್ಳುವುದು ಬಿಡುಗಡೆಯ ಅರ್ಧ ಮಾತ್ರ. ತಪ್ಪಿಸಿಕೊಂಡು ಬಂದವನಿಗೆ ಕಾಲೂರಲು ನೆಲವೂ, ಉಣ್ಣಲು ಅನ್ನವೂ, ತನ್ನವರೆನ್ನುವ ಜನರೂ ದೊರೆತಾಗಲೇ ಆ ಬಿಡುಗಡೆ ಪೂರ್ಣವಾಗುವುದು. ವೀರರಾಜನ ಬಾಳು ಈ ಮಾತಿಗೆ ಸಾಕ್ಷಿಯಾಗಿದೆ. ಆ ಬಾಳಿನ ಬೆಳಕಿನಂತೆಯೇ ಕತ್ತಲೆಯೂ ನಮಗೆ ಪಾಠವನ್ನು ಕಲಿಸುತ್ತದೆ.

ಹಾಲೇರಿಯ ಮನೆತನ

ಕೊಡಗನ್ನು ಆಳಿದ ಹಾಲೇರಿ ವಂಶವು ಲಿಂಗಾಯತ ಧರ್ಮವನ್ನು ಅನುಸರಿಸಿದ ರಾಜಮನೆತನ. ಇಕ್ಕೇರಿಯ ಅರಸುಮನೆತನದ ಸಂಬಂಧಿಕನೊಬ್ಬನು ಜಂಗಮವೇಷದಲ್ಲಿ ಕೊಡಗಿಗೆ ಬಂದು, ಹಾಲೇರಿಯಲ್ಲಿ ನೆಲೆಸಿ, ಕ್ರಮೇಣ ಜನರ ಗೌರವವನ್ನೂ ಅನಂತರ ಅಧಿಕಾರವನ್ನೂ ಗಳಿಸಿದನೆಂದು ಪರಂಪರೆ ಹೇಳುತ್ತದೆ. ಮುದ್ದುರಾಜನ ಕಾಲದಲ್ಲಿ, ೧೬೮೧ರಲ್ಲಿ, ರಾಜಧಾನಿಯು ಮಡಿಕೇರಿಗೆ ಬಂದಿತು. ಪ್ರಜೆಗಳಲ್ಲಿ ಪ್ರಮುಖರಾದ ಕೊಡವರ ಆಚಾರವೇ ಬೇರೆ, ಅರಸರ ಆಚಾರವೇ ಬೇರೆ. ಆದರೂ ಇನ್ನೂರು ವರ್ಷಗಳ ಕಾಲ ಈ ಸಂಬಂಧ ಉಳಿದು ಬಂದಿತು.

ಹದಿನೆಂಟನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಮನೆತನದ ಶಾಖೆಗಳ ನಡುವೆ ಪಟ್ಟಕ್ಕಾಗಿ ಕಲಹ ಹುಟ್ಟಿತು. ಲಿಂಗರಾಜನು ಹೈದರಾಲಿಯ ನೆರವನ್ನು ಬೇಡಿದನು. ನೆರವು ದೊರೆಯಿತು, ಅದರೊಡನೆ ಅಧೀನತೆಯೂ ಬಂದಿತು. ೧೭೮೦ರಲ್ಲಿ ಲಿಂಗರಾಜನು ತೀರಿಕೊಂಡಾಗ ಅವನ ಮಕ್ಕಳು ಇನ್ನೂ ಎಳೆಯರು. ಮಕ್ಕಳು ದೊಡ್ಡವರಾಗುವ ತನಕ ತಾನೇ ರಕ್ಷಕನೆಂದು ಹೈದರನು ರಾಜ್ಯವನ್ನು ವಶಪಡಿಸಿಕೊಂಡು, ರಾಜಕುಟುಂಬವನ್ನು ಹೇಮಾವತಿಯ ದಡದ ಗೊರೂರಿಗೆ ಕಳುಹಿಸಿದನು. ೧೭೮೨ರಲ್ಲಿ ಕೊಡಗಿನವರು ದಂಗೆಯೆದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಹೈದರನು ಮರಣ ಹೊಂದಿದನು. ಬಳಿಕ ಟಿಪ್ಪು ಸುಲ್ತಾನನು ರಾಜಕುಟುಂಬವನ್ನು ಪಿರಿಯಾಪಟ್ಟಣದ ಕೋಟೆಗೆ ಸ್ಥಳಾಂತರಿಸಿದನು. ವೀರರಾಜನ ಯೌವನ ಹೀಗೆ ಸೆರೆಯಲ್ಲಿಯೇ ಕಳೆಯಿತು.

ಒಕ್ಕಲೆಬ್ಬಿಸಿದ ನಾಡು

ಕೊಡಗಿನ ದಂಗೆಗಳಿಂದ ಬೇಸತ್ತ ಟಿಪ್ಪು ಸುಲ್ತಾನನು ೧೭೮೫ರಲ್ಲಿ ಸ್ವತಃ ಸೇನೆಯೊಡನೆ ಬಂದು, ಕಾಡುಮಲೆಗಳಲ್ಲಿದ್ದ ಜನರನ್ನು ಸುತ್ತುವರಿದು ಹಿಡಿಸಿ, ಹೆಂಡಿರು ಮಕ್ಕಳೊಡನೆ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಎಷ್ಟು ಜನರು ಎಂಬ ವಿಷಯದಲ್ಲಿ ಚರಿತ್ರಕಾರರ ಲೆಕ್ಕಗಳು ಒಂದಕ್ಕೊಂದು ಹೊಂದುವುದಿಲ್ಲ. ಹಲವು ಸಾವಿರವೆಂಬುದರಲ್ಲಿ ಸಂಶಯವಿಲ್ಲ. ಅದಕ್ಕೂ ಒಂದು ವರ್ಷ ಮೊದಲು, ೧೭೮೪ರ ಆರಂಭದಲ್ಲಿ, ಕರಾವಳಿಯ ಕೊಂಕಣಿ ಕ್ರೈಸ್ತರೂ ಇದೇ ಬಗೆಯಲ್ಲಿ ಸೆರೆಯಾಗಿ ಘಟ್ಟವೇರಿ ನಡುಗಡ್ಡೆಯನ್ನು ಸೇರಿದ್ದರು. ದುರ್ಗದ ಬೇಡರು ಅವರಿಗಿಂತ ಮೊದಲೇ ಅಲ್ಲಿದ್ದರು. ಬೇರೆ ಬೇರೆ ಭಾಷೆ, ಬೇರೆ ಬೇರೆ ದೇವರು, ಬೇರೆ ಬೇರೆ ಬೆಟ್ಟಗಳ ಜನರು ಒಂದೇ ಹೊಳೆಯ ನಡುವೆ ಒಂದೇ ಬಗೆಯ ದಾಸ್ಯವನ್ನು ಅನುಭವಿಸಿದರು.

ಸೋತ ನಾಡಿನ ಪ್ರಜೆಗಳನ್ನು ಕಿತ್ತು ಗೆದ್ದವನ ನಾಡಿನಲ್ಲಿ ನೆಡುವುದು ಅಂದಿನ ಯುದ್ಧನೀತಿಯ ಒಂದು ಭಾಗ. ಪ್ರಜೆಯೇ ಸಂಪತ್ತು, ದುಡಿಯುವ ಕೈಯೇ ಬೊಕ್ಕಸ ಎಂದು ತಿಳಿದಿದ್ದ ಕಾಲವದು. ಇಂಥ ಸೆರೆಯಾಳನ್ನು ಸಂತೆಯಲ್ಲಿ ಮಾರುತ್ತಿರಲಿಲ್ಲ. ಆದರೆ ತನ್ನ ಊರು, ತನ್ನ ಹೆಸರು, ತನ್ನ ಧರ್ಮ, ತನ್ನ ಮಕ್ಕಳ ಭವಿಷ್ಯ ಯಾವುದೂ ಅವನ ಕೈಯಲ್ಲಿರಲಿಲ್ಲ.

ಇತ್ತ ಕೊಡಗಿನಲ್ಲಿ ಮಡಿಕೇರಿ, ಕುಶಾಲನಗರ, ಭಾಗಮಂಡಲ, ಬೇಪುನಾಡುಗಳ ಕೋಟೆಗಳಲ್ಲಿ ಮೈಸೂರಿನ ಪಡೆಗಳು ನೆಲೆಯೂರಿದವು. ಸೆರೆಗೆ ಸಿಕ್ಕದೆ ಉಳಿದವರು ದಟ್ಟಡವಿಗಳಲ್ಲಿ ತಲೆಮರೆಸಿಕೊಂಡು ಕಾಲ ಕಳೆದರು. ನಾಡಿಗೆ ಬೇಕಾದುದು ಒಬ್ಬ ನಾಯಕ; ಆ ನಾಯಕನಾದರೋ ಪಿರಿಯಾಪಟ್ಟಣದ ಕೋಟೆಯೊಳಗಿದ್ದನು.

ಸೆರೆಯಿಂದ ಹೊರಗೆ

೧೭೮೮ರ ಡಿಸೆಂಬರಿನಲ್ಲಿ, ನಿಷ್ಠರಾದ ಕೆಲವರು ಕೊಡಗಿನವರ ನೆರವಿನಿಂದ, ವೀರರಾಜನು ಪತ್ನಿಯೊಡನೆಯೂ ತಮ್ಮಂದಿರಾದ ಲಿಂಗರಾಜ, ಅಪ್ಪಾಜಿಯರೊಡನೆಯೂ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಕಿಗ್ಗಟ್ಟುನಾಡಿನ ಕುರ್ಚಿಯನ್ನು ಸೇರಿದನು. ಅರಮನೆಯಿಲ್ಲ, ಬೊಕ್ಕಸವಿಲ್ಲ, ಸೇನೆಯಿಲ್ಲ. ಆಶ್ರಯ ಕೊಡಬೇಕಾಗಿದ್ದ ನೆರೆಯ ಕೋಟೆಯ ರಾಜನು, ಎಂದರೆ ಮಲೆಯಾಳದ ಕೋಟ್ಟಯಂ ದೊರೆಯು, ಅವನನ್ನು ವಶಕ್ಕೆ ತೆಗೆದುಕೊಂಡು ಕೆಲವು ಸೀಮೆಗಳನ್ನು ತನಗೆ ಬಿಟ್ಟುಕೊಡುವಂತೆ ಬರೆಯಿಸಿಕೊಂಡನು. ಒಂದು ಸೆರೆಯಿಂದ ಪಾರಾದವನು ಮತ್ತೊಬ್ಬನ ಲೋಭಕ್ಕೆ ಸಿಲುಕುವುದು ಪಲಾಯನ ಮಾಡಿದವರ ಬಾಳಿನಲ್ಲಿ ಅಪರೂಪವೇನಲ್ಲ. ವೀರರಾಜನು ಈ ಪಾಠವನ್ನು ಸ್ವಂತ ಮೈಮೇಲೆ ಕಲಿತನು. ಬಿಡುಗಡೆ ಹೊಂದಿದೊಡನೆ ತನ್ನವರನ್ನು ಕೂಡಿಸಿ ಆ ದೊರೆಯ ಪಡೆಯನ್ನು ಹಿಮ್ಮೆಟ್ಟಿಸಿದನು.

ಅಡವಿಗಳಿಂದ ಜನರು ಒಬ್ಬೊಬ್ಬರಾಗಿ ಬಂದು ಅವನನ್ನು ಸೇರಿದರು. ಒಂದೆರಡು ವರ್ಷಗಳೊಳಗೆ ಮಡಿಕೇರಿಯೊಂದನ್ನು ಬಿಟ್ಟು ಉಳಿದ ಕೋಟೆಗಳೆಲ್ಲ ಅವನ ಕೈಸೇರಿದವು. ೧೭೯೦ರ ಅಕ್ಟೋಬರಿನಲ್ಲಿ ಅವನು ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡನು. ಮುಂದೆ ಇದೇ ಕಂಪನಿಯು ೧೮೩೪ರಲ್ಲಿ ಕೊಡಗನ್ನು ನುಂಗಿಕೊಂಡಿತೆಂಬುದನ್ನು ನೆನೆದಾಗ ಈ ಸ್ನೇಹದ ಬೆಲೆ ಏನೆಂಬುದು ತಿಳಿಯುತ್ತದೆ. ಆದರೆ ೧೭೯೦ರಲ್ಲಿ ಅವನ ಮುಂದೆ ಬೇರೆ ದಾರಿಗಳು ಬಹಳವಿರಲಿಲ್ಲ.

ಹಗೆಗೆ ತೋರಿದ ಉಪಕಾರ

ಮಡಿಕೇರಿಯ ಕೋಟೆಯೊಳಗಿದ್ದ ಮೈಸೂರಿನ ಪಡೆಗೆ ಆಹಾರ ಮುಗಿಯುತ್ತ ಬಂದಿತ್ತು. ಅವರಿಗೆ ದವಸಧಾನ್ಯಗಳನ್ನು ಒದಗಿಸುವುದಕ್ಕಾಗಿ ಟಿಪ್ಪು ಸುಲ್ತಾನನು ಕಾದರ್ ಖಾನನೆಂಬ ಸರದಾರನನ್ನು ಕಳುಹಿಸಿದನು. ದಾರಿಯಲ್ಲಿ ಕೊಡಗಿನವರು ಆ ಪಡೆಯನ್ನು ಸುತ್ತುವರಿದರು. ಅದನ್ನು ನಾಶಮಾಡುವುದು ಅರೆಗಳಿಗೆಯ ಕೆಲಸವಾಗಿತ್ತು. ಆಗ ವೀರರಾಜನು ತನ್ನವರನ್ನು ತಡೆದನು. ಪಿರಿಯಾಪಟ್ಟಣದ ಸೆರೆಯ ದಿನಗಳಲ್ಲಿ ಇದೇ ಕಾದರ್ ಖಾನನು ರಾಜಕುಟುಂಬಕ್ಕೆ ಮಹದುಪಕಾರ ಮಾಡಿದ್ದನು. ಆ ಋಣವನ್ನು ನೆನೆದು ವೀರರಾಜನು ಅವನ ಪ್ರಾಣವನ್ನು ಉಳಿಸಿದನು. ಅಷ್ಟಕ್ಕೇ ನಿಲ್ಲದೆ, ಕೈಯೊಪ್ಪಿಸದೆ ಹಿಂದಿರುಗಿದರೆ ಖಾನನು ತನ್ನ ಒಡೆಯನ ಕೋಪಕ್ಕೆ ತುತ್ತಾಗುವನೆಂದು, ದವಸವನ್ನು ಕೋಟೆಯೊಳಗೆ ಕೊಂಡೊಯ್ಯಲೂ ಬಿಟ್ಟನು. ಕೆಲವು ಕಾಲದ ಮೇಲೆ ಆ ದವಸವೂ ಮುಗಿದು ಕೋಟೆಯು ವಶವಾದಾಗ, ಪಡೆಯವರು ಸುರಕ್ಷಿತವಾಗಿ ಹೊರಟುಹೋಗಲು ಅವಕಾಶವನ್ನಿತ್ತನು. ತನ್ನ ನಾಡನ್ನು ಹಾಳುಗೆಡವಿದ ಸೇನೆಯ ಸರದಾರನಲ್ಲಿಯೂ ಒಬ್ಬ ಸಜ್ಜನನನ್ನು ಗುರುತಿಸಿದ ಈ ನಡತೆಯು ವೀರರಾಜನ ಚರಿತ್ರೆಯ ಉಜ್ಜ್ವಲವಾದ ಪುಟವೆಂದು ಇಂಗ್ಲಿಷ್ ಚರಿತ್ರಕಾರರೂ ಒಪ್ಪಿದ್ದಾರೆ.

೧೭೯೨ರ ಆ ರಾತ್ರಿ

೧೭೯೧ರಲ್ಲಿ ಜನರಲ್ ಅಬರ್‌ಕ್ರಾಂಬಿಯ ಮುಂಬಯಿ ಸೇನೆಯು ಮಲೆಯಾಳದ ಕರಾವಳಿಯಿಂದ ಹೆಗ್ಗಳ ಘಟ್ಟದ ದಾರಿಯಾಗಿ ಕೊಡಗನ್ನು ಹಾದು ಮೈಸೂರಿನತ್ತ ಸಾಗಿತು. ವೀರರಾಜನು ಆ ಸೇನೆಗೆ ದವಸ, ದನಕರು, ದಾರಿ ತೋರುವ ಆಳುಗಳು ಇವನ್ನೆಲ್ಲ ಒದಗಿಸಿದನು. ಮರುವರ್ಷ, ೧೭೯೨ರ ಫೆಬ್ರವರಿ ೬ರ ರಾತ್ರಿ, ಲಾರ್ಡ್ ಕಾರ್ನ್‌ವಾಲಿಸನ ಸೇನೆಯು ಶ್ರೀರಂಗಪಟ್ಟಣದ ಹೊರಪಾಳೆಯದ ಮೇಲೆ ಎರಗಿತು. ಕತ್ತಲೆಯಲ್ಲಿ ಗುಂಡಿನ ಸದ್ದು, ಬೆಂಕಿ, ಗೊಂದಲ. ಚೇಲಾ ದಳಗಳಲ್ಲಿದ್ದ ಕೊಡಗಿನವರು ಆ ಗೊಂದಲವನ್ನೇ ತಮ್ಮ ಬಿಡುಗಡೆಯ ಮುಹೂರ್ತವಾಗಿ ಮಾಡಿಕೊಂಡರು. ಸುಮಾರು ಐದು ಸಾವಿರ ಗಂಡಸರು, ಹೆಂಡಿರು ಮಕ್ಕಳನ್ನೂ ಕೂಡಿಕೊಂಡು ಒಟ್ಟು ಹನ್ನೆರಡು ಸಾವಿರ ಮಂದಿ, ನಡುಗಡ್ಡೆಯನ್ನು ಬಿಟ್ಟು ಪಡುವಣ ಬೆಟ್ಟಗಳತ್ತ ನಡೆದರೆಂದು ಕೊಡಗಿನ ಇತಿಹಾಸಗಳು ಹೇಳುತ್ತವೆ.

ಅವರು ಹೊತ್ತು ತಂದುದು ಏಳು ವರ್ಷಗಳ ದಾಸ್ಯದ ನೆನಪನ್ನು. ಅವರು ಬಂದು ಸೇರಿದುದು ತಮ್ಮದೇ ರಾಜನು ತಮ್ಮದೇ ನೆಲದಲ್ಲಿ ನಿಂತಿದ್ದ ನಾಡನ್ನು. ವೀರರಾಜನು ಮೂರು ವರ್ಷ ಮುಂಚಿತವಾಗಿ ತಪ್ಪಿಸಿಕೊಂಡು ಬಂದು ಕೋಟೆಗಳನ್ನು ಗೆದ್ದಿರದಿದ್ದರೆ ಈ ಹನ್ನೆರಡು ಸಾವಿರ ಮಂದಿ ಎಲ್ಲಿಗೆ ಹೋಗಬೇಕಿತ್ತು? ದಾರಿಯ ಕಾವಲುಗಳು ಶತ್ರುವಿನ ಕೈಯಲ್ಲಿದ್ದರೆ ಎಷ್ಟು ಮಂದಿ ಮನೆ ಸೇರುತ್ತಿದ್ದರು? ಮೊದಲು ಬಿಡುಗಡೆ ಹೊಂದಿದವನು ನೆಲೆಯನ್ನು ಸಿದ್ಧಪಡಿಸಿದ್ದುದರಿಂದಲೇ ಅನಂತರ ಬಂದವರ ಪಲಾಯನವು ಸಾರ್ಥಕವಾಯಿತು. ಚರಿತ್ರೆಯಲ್ಲಿ ಕದನಗಳ ವರ್ಣನೆಗೆ ದೊರೆಯುವ ಸ್ಥಾನವು ಇಂಥ ಸಿದ್ಧತೆಗೆ ದೊರೆಯುವುದಿಲ್ಲ.

ವಿರಾಜಪೇಟೆಯ ಹುಟ್ಟು

ಅದೇ ೧೭೯೨ರಲ್ಲಿ ವೀರರಾಜನು ಅಬರ್‌ಕ್ರಾಂಬಿಯನ್ನು ಮೊದಲು ಭೇಟಿಯಾದ ಸ್ಥಳದಲ್ಲಿ ಹೊಸ ಪೇಟೆಯೊಂದನ್ನು ಕಟ್ಟಿಸಿದನು. ವೀರರಾಜೇಂದ್ರಪೇಟೆಯೆಂಬ ಆ ಹೆಸರು ಜನರ ಬಾಯಲ್ಲಿ ವಿರಾಜಪೇಟೆಯಾಗಿದೆ. ದೊರೆಗಳು ತಮ್ಮ ಹೆಸರಿನಲ್ಲಿ ಊರು ಕಟ್ಟಿಸುವುದು ಹೊಸತಲ್ಲ. ಆ ಊರಿಗೆ ಯಾರನ್ನು ಕರೆದು ಕೂಡಿಸಿದನೆಂಬುದು ಇಲ್ಲಿ ಗಮನಿಸಬೇಕಾದ ವಿಷಯ. ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ವೀರರಾಜನು ಅಭಯವನ್ನಿತ್ತು, ಭೂಮಿಯನ್ನು ಕೊಟ್ಟು, ಹೊಸ ಪೇಟೆಯಲ್ಲಿ ನೆಲೆಗೊಳಿಸಿದನು. ಲಿಂಗಧಾರಿಯಾದ ಅರಸನ ಆಶ್ರಯದಲ್ಲಿ ಅಲ್ಲಿ ಸಂತ ಅನ್ನಮ್ಮನವರ ಇಗರ್ಜಿಯು ಎದ್ದಿತು. ಕರಾವಳಿಯಲ್ಲಿ ಹುಟ್ಟಿ, ನಡುಗಡ್ಡೆಯಲ್ಲಿ ನೊಂದು, ಬೆಟ್ಟದಲ್ಲಿ ಬದುಕನ್ನು ಮರಳಿ ಕಟ್ಟಿಕೊಂಡ ಆ ಕುಟುಂಬಗಳ ಸಂತತಿಯು ಕೊಡಗಿನ ಮಣ್ಣಿಗೇ ಸೇರಿಹೋಯಿತು.

ಮರಳಿ ಬಂದ ಕೊಡವರಲ್ಲಿ ಸೆರೆಯ ಕಾಲದಲ್ಲಿ ಇಸ್ಲಾಂ ಮತಕ್ಕೆ ಸೇರಿಸಲ್ಪಟ್ಟವರೂ ಇದ್ದರು. ಅವರಲ್ಲಿ ಕೆಲವರು ಆ ಮತದಲ್ಲಿಯೇ ಉಳಿದರು. ಕೊಡವ ಮಾಪಿಳ್ಳೆಗಳೆಂದು ಹೆಸರಾದ ಇವರು ತಮ್ಮ ಒಕ್ಕದ ಹೆಸರನ್ನೂ ಕೊಡವ ನುಡಿಯನ್ನೂ ಬಿಟ್ಟುಕೊಡಲಿಲ್ಲ. ಪ್ರಾರ್ಥನೆಯ ವಿಧಾನ ಬದಲಾದ ಮಾತ್ರಕ್ಕೆ ಅವರು ನಾಡಿಗೆ ಹೊರಗಿನವರಾಗಲಿಲ್ಲ. ಮರಳಿ ಬಂದವನು ಹೋಗುವಾಗ ಇದ್ದಂತೆಯೇ ಇರಬೇಕೆಂದು ಹಟ ಹಿಡಿಯದಿರುವುದೂ ಆಶ್ರಯದ ಒಂದು ಗುಣವೇ.

ಹೊರ ಜಗತ್ತಿನಲ್ಲಿ

ಇದೇ ೧೭೯೨ರ ಮಾರ್ಚಿಯಲ್ಲಿ, ಸಾವಿರಾರು ಮೈಲಿಗಳಾಚೆ, ಆಫ್ರಿಕದ ಪಶ್ಚಿಮ ಕರಾವಳಿಯಲ್ಲಿ ಇಂಥದೇ ಮತ್ತೊಂದು ಊರು ಹುಟ್ಟುತ್ತಿದ್ದುದು ಕಾಲದ ವಿಚಿತ್ರ. ಅಮೆರಿಕದ ತೋಟಗಳ ದಾಸ್ಯದಿಂದ ತಪ್ಪಿಸಿಕೊಂಡು, ಕೆನಡಾದ ನೋವಾ ಸ್ಕೋಷಿಯಾದ ಚಳಿಯಲ್ಲಿ ಕೆಲವು ವರ್ಷ ಕಳೆದ ಸಾವಿರಕ್ಕೂ ಹೆಚ್ಚು ಮಂದಿ ಕರಿಯರು ಸಿಯೆರಾ ಲಿಯೋನಿನಲ್ಲಿ ಇಳಿದು ಫ್ರೀಟೌನ್ ಪಟ್ಟಣಕ್ಕೆ ಬುನಾದಿಯನ್ನು ಹಾಕಿದರು. ಮುಂದೆ ಗುಲಾಮರ ಹಡಗುಗಳಿಂದ ಬಿಡಿಸಿ ತಂದವರಿಗೂ ಆ ಪಟ್ಟಣವೇ ನೆಲೆಯಾಯಿತು. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಕಾಡಿನಲ್ಲಿ ನೆಲೆಸಿರುವ ಸಿದ್ದಿಗಳ ಪೂರ್ವಿಕರೂ ಗೋವೆಯ ಪೋರ್ಚುಗೀಸರ ದಾಸ್ಯದಿಂದ ಓಡಿಬಂದವರೇ ಬಹುಮಂದಿ. ಅವರಿಗೆ ಅಭಯವಿತ್ತ ಅರಸನಿರಲಿಲ್ಲ. ಕಾಡೇ ಅವರಿಗೆ ಕೋಟೆಯಾಯಿತು.

ಆದರೆ ಬಿಡುಗಡೆ ಹೊಂದಿದವರ ನೆಲೆಗಳೆಲ್ಲ ಅನಂತರ ಬಂದವರಿಗೆ ಬಾಗಿಲು ತೆರೆದವೆಂದು ಹೇಳುವಂತಿಲ್ಲ. ಜಮೈಕಾ ದ್ವೀಪದ ಬೆಟ್ಟಗಳಲ್ಲಿ ಸ್ವತಂತ್ರವಾಗಿ ಬಾಳುತ್ತಿದ್ದ ಮರೂನರು ೧೭೩೯ರಲ್ಲಿ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡಾಗ, ಇನ್ನು ಮುಂದೆ ಓಡಿಬರುವ ದಾಸರನ್ನು ಹಿಡಿದೊಪ್ಪಿಸುವೆವೆಂದು ಒಪ್ಪಿಕೊಳ್ಳಬೇಕಾಯಿತು. ತಾನು ದಾಟಿದ ಹೊಳೆಯ ಸೇತುವೆಯನ್ನು ತಾನೇ ಕೆಡವುವ ಈ ದುರವಸ್ಥೆಯು ಬೇರೊಂದು ರೂಪದಲ್ಲಿ ಕೊಡಗಿನಲ್ಲಿಯೂ ಇತ್ತು.

ತೆರೆಯದೆ ಉಳಿದ ಬಾಗಿಲು

ಕೊಡಗಿನ ಗದ್ದೆಗಳಲ್ಲಿ ದುಡಿಯುತ್ತಿದ್ದ ಎರವರೂ ಹೊಲೆಯರೂ ತಲೆತಲಾಂತರದ ಜೀತದಾಳುಗಳು. ಭೂಮಿಯೊಡನೆ ಅವರನ್ನೂ ಮಾರುವ, ಒತ್ತೆಯಿಡುವ ಪದ್ಧತಿ ಆ ನಾಡಿನಲ್ಲಿ ಹಿಂದಿನಿಂದ ನಡೆದುಬಂದಿತ್ತು. ಪಣ್ಯಗಳೆಂದು ಕರೆಯುತ್ತಿದ್ದ ಅರಮನೆಯ ಸ್ವಂತ ಬೇಸಾಯದ ಭೂಮಿಗಳೂ ಇಂಥವರ ದುಡಿಮೆಯಿಂದಲೇ ನಡೆಯುತ್ತಿದ್ದವು. ಸೆರೆಯ ಸಂಕಟವನ್ನು ಸ್ವತಃ ಉಂಡ ಅರಸನು ತನ್ನ ಹೊಲದಲ್ಲಿ ನಿಂತಿದ್ದ ಈ ಹುಟ್ಟು ಸೆರೆಯಾಳುಗಳ ಕಟ್ಟನ್ನು ಬಿಚ್ಚಲಿಲ್ಲ. ನಡುಗಡ್ಡೆಯಿಂದ ಓಡಿಬಂದವನಿಗೆ ಕೊಡಗು ಅಭಯಸ್ಥಾನ. ಕೊಡಗಿನ ಎರವನಿಗೆ ಓಡಿಹೋಗಲು ಅಭಯಸ್ಥಾನವೆಲ್ಲಿ? ಗುಲಾಮಗಿರಿಗೆ ಕಾನೂನಿನ ಮನ್ನಣೆಯನ್ನು ತೆಗೆದುಹಾಕುವ ಶಾಸನವು ಕಂಪನಿಯ ಆಡಳಿತದಲ್ಲಿದ್ದ ಭಾರತಕ್ಕೆ ಬಂದುದು ೧೮೪೩ರಲ್ಲಿ. ಜೀತಪದ್ಧತಿಯ ನಿರ್ಮೂಲನಕ್ಕೆ ಸ್ವತಂತ್ರ ಭಾರತದ ಸಂಸತ್ತು ಶಾಸನ ಮಾಡಿದುದು ೧೯೭೬ರಲ್ಲಿ. ವೀರರಾಜನನ್ನು ಅವನ ಕಾಲದ ಅಳತೆಗೋಲಿನಿಂದಲೇ ಅಳೆಯಬೇಕೆಂಬ ಮಾತು ಸರಿ. ಆದರೂ ಉಪಕಾರದ ಬೆಳಕು ತನ್ನವರೆಂದು ಕಂಡವರ ಮೇಲೆ ಮಾತ್ರ ಬಿದ್ದು, ಕಾಲಬುಡದಲ್ಲಿದ್ದವರು ಕತ್ತಲೆಯಲ್ಲೇ ಉಳಿದರೆಂಬುದನ್ನು ಮರೆಮಾಚಬೇಕಾದುದಿಲ್ಲ.

ಕಡೆಯ ದಿನಗಳು

ಯುದ್ಧಾನಂತರದ ಒಪ್ಪಂದದಿಂದ ಕೊಡಗು ಮೈಸೂರಿನ ಹಿಡಿತದಿಂದ ಬಿಡುಗಡೆಯಾಯಿತು. ವೀರರಾಜನು ಕಂಪನಿಗೆ ವರ್ಷಕ್ಕೆ ೨೪,೦೦೦ ರೂಪಾಯಿ ಕಪ್ಪವನ್ನು ಒಪ್ಪಿಕೊಂಡನು. ೧೭೯೯ರ ಯುದ್ಧದ ತರುವಾಯ ಅದರ ಬದಲು ವರ್ಷಕ್ಕೊಂದು ಆನೆಯನ್ನು ಕೊಟ್ಟರೆ ಸಾಕೆಂದಾಯಿತು. ತಡಿಯಂಡಮೋಳ್ ಬೆಟ್ಟದ ತಪ್ಪಲಿನಲ್ಲಿ ಅವನು ಕಟ್ಟಿಸಿದ ನಾಲ್ಕುನಾಡಿನ ಅರಮನೆಯು ಈಗಲೂ ನಿಂತಿದೆ. ಕಾಡಿನ ನಡುವೆ ಮರೆಯಾಗಿರುವ ಆ ಕಟ್ಟಡವನ್ನು ನೋಡಿದರೆ ಒಮ್ಮೆ ಸೆರೆಯಾದವನ ಮನಸ್ಸಿನ ಎಚ್ಚರಿಕೆ ಅರ್ಥವಾಗುತ್ತದೆ. ಅಲ್ಲಿಯೇ ೧೭೯೬ರಲ್ಲಿ ಅವನು ಮಹದೇವಮ್ಮಾಜಿಯನ್ನು ವಿವಾಹವಾದನು. ಅವನ ಅಪೇಕ್ಷೆಯಂತೆ ರಚಿತವಾದ ರಾಜೇಂದ್ರನಾಮೆಯೆಂಬ ಕನ್ನಡ ಗದ್ಯಚರಿತ್ರೆಯು ಹಾಲೇರಿ ಅರಸರ ವೃತ್ತಾಂತಕ್ಕೆ ಮುಖ್ಯ ಆಧಾರವಾಗಿದೆ.

೧೮೦೭ರಲ್ಲಿ ರಾಣಿಯು ತೀರಿಕೊಂಡಳು. ಗಂಡು ಸಂತಾನವಿಲ್ಲದ ಕೊರಗು, ತನ್ನ ಹೆಣ್ಣುಮಕ್ಕಳಿಗೆ ಪಟ್ಟ ದಕ್ಕುವುದೋ ಇಲ್ಲವೋ ಎಂಬ ಶಂಕೆ, ಪ್ರಿಯಪತ್ನಿಯ ಅಗಲಿಕೆ, ಇವೆಲ್ಲ ಕೂಡಿ ಅರಸನ ಬುದ್ಧಿ ಕದಡಿತು. ಸುತ್ತಲಿನವರೆಲ್ಲರಲ್ಲಿಯೂ ದ್ರೋಹವನ್ನೇ ಕಂಡನು. ಸಿಟ್ಟಿನ ಆವೇಶದಲ್ಲಿ ಅನೇಕರನ್ನು ಕೊಲ್ಲಿಸಿದನು. ಆವೇಶವಿಳಿದಾಗ ಪಶ್ಚಾತ್ತಾಪದಿಂದ ಬೆಂದನು. ಹತ್ತಾರು ಸಾವಿರ ಜನರಿಗೆ ಭಯವನ್ನು ನೀಗಿದವನು ಕಡೆಗೆ ತನ್ನ ಭಯವನ್ನು ಗೆಲ್ಲಲಾರದೆ ಹೋದನು. ೧೮೦೯ರ ಜೂನ್ ೯ರಂದು ಅವನ ಬಾಳು ಮುಗಿಯಿತು. ಮಗಳು ದೇವಮ್ಮಾಜಿಗೆ ಪಟ್ಟವಾದರೂ ೧೮೧೧ರಲ್ಲಿ ತಮ್ಮ ಲಿಂಗರಾಜನು ಅಧಿಕಾರವನ್ನು ತನ್ನದಾಗಿಸಿಕೊಂಡನು. ಮಡಿಕೇರಿಯ ಗದ್ದಿಗೆಯಲ್ಲಿ ವೀರರಾಜನೂ ಮಹದೇವಮ್ಮಾಜಿಯೂ ಒಂದೇ ಕಟ್ಟಡದೊಳಗೆ ಸಮಾಧಿಸ್ಥರಾಗಿದ್ದಾರೆ.

ದುರ್ಗದ ಬೇಡರ ಮಕ್ಕಳಿಗೆ ವಿರಾಜಪೇಟೆಯೊಂದು ಇರಲಿಲ್ಲ. ಕಾವೇರಿಯ ನಡುಗಡ್ಡೆಯಲ್ಲಿ ಅವರ ಹೆಸರುಗಳು ಕರಗಿಹೋದವು. ಕೊಡವರಿಗೂ ಕೊಂಕಣಿ ಕ್ರೈಸ್ತರಿಗೂ ಹೆಸರು ಉಳಿದುದು, ಅವರು ಹೆಚ್ಚು ಧೀರರಾಗಿದ್ದುದರಿಂದಲ್ಲ. ಅವರಿಗಾಗಿ ಒಂದು ನೆಲೆ ಕಾದಿದ್ದುದರಿಂದ. ಓಡಿಬಂದವನ ಕುಲವನ್ನು ಕೇಳದೆ ಮೊದಲು ಅನ್ನವನ್ನೂ ಆಸರೆಯನ್ನೂ ಕೊಡುವ ಮನೆ ಎಲ್ಲಿರುವುದೋ ಅಲ್ಲಿ ಬಿಡುಗಡೆ ಬೇರೂರುತ್ತದೆ. ವೀರರಾಜನು ಕಟ್ಟಿದ ಪೇಟೆಯು ಇದನ್ನು ಸಾರುತ್ತದೆ. ಅವನು ಕಾಣದೆ ಹೋದ ಎರವನ ಗುಡಿಸಲು, ಆ ಮನೆಯ ಬಾಗಿಲು ಇನ್ನೂ ಎಷ್ಟು ಅಗಲವಾಗಬೇಕೆಂಬುದನ್ನು ಸಾರುತ್ತದೆ.